ಮಾತುಕತೆಗೆ ಕೂತಾಗ ತಪ್ಪಾದೀತು ಅನ್ನುವ ಭಯ: ದಾಟುವುದು ಹೇಗೆ?

ಸಂಬಳ ಜಾಸ್ತಿ ಮಾಡಿ ಅಂತ ಕೇಳಬೇಕು. ಬಾಡಿಗೆ ಸ್ವಲ್ಪ ಇಳಿಸಿ ಅನ್ನಬೇಕು. ಒಪ್ಪಿಕೊಂಡ ಕೆಲಸಕ್ಕೆ ಇನ್ನೊಂದು ವಾರ ಸಮಯ ಬೇಕು. ಕೇಳಬೇಕಾದ್ದು ಏನು ಅಂತ ನಮಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಎದುರಿಗೆ ಕೂತ ತಕ್ಷಣ ಬಾಯಿ ಕಟ್ಟಿಬಿಡುತ್ತದೆ. ಜಾಸ್ತಿ ಕೇಳಿದರೆ ದುರಾಸೆ ಅಂದುಕೊಂಡಾರು. ಕಡಿಮೆ ಕೇಳಿದರೆ ನಾವೇ ಕಳೆದುಕೊಂಡೇವು. ಏನೋ ಹೇಳಲು ಹೋಗಿ ಇನ್ನೇನೋ ಆಡಿಬಿಟ್ಟರೆ? ಹೀಗೆ ಒಳಗೊಳಗೇ ಲೆಕ್ಕ ಹಾಕುತ್ತಾ, ಅವರು ಹೇಳಿದ್ದಕ್ಕೆ ತಲೆಯಾಡಿಸಿ ಎದ್ದು ಬರುತ್ತೇವೆ.

ಈ ಭಯ ಸುಮ್ನೆ ಮನಸ್ಸಿನಲ್ಲಿ ಕೂತಿರುವುದಿಲ್ಲ. ಅಲಿಸನ್ ವುಡ್ ಬ್ರೂಕ್ಸ್ ಮತ್ತು ಮಾರಿಸ್ ಶ್ವೈಟ್ಜರ್ ಅನ್ನುವ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅದು ಏನೇನು ಮಾಡಿಸುತ್ತದೆ ಅಂತ ನೋಡಿದರು. ಆತಂಕದಲ್ಲಿದ್ದವರು ಮೊದಲಿಗೇ ಕಡಿಮೆ ಕೇಳಿದರು. ಎದುರಿನವರ ಮಾತಿಗೆ ಬೇಗ ಬೇಗ ಉತ್ತರ ಕೊಟ್ಟರು. ಮಾತು ಮುಗಿಯುವ ಮೊದಲೇ ಎದ್ದು ಹೋದರು. ಕೊನೆಗೆ ಅವರಿಗೆ ಸಿಕ್ಕಿದ್ದೂ ಕಡಿಮೆ. ತಪ್ಪಾಗಬಾರದು ಅಂತ ಹೆದರುವುದೇ ನಮ್ಮಿಂದ ಈ ಮೂರು ತಪ್ಪು ಮಾಡಿಸುತ್ತದೆ. ಅದೇ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತು: 'ಮಾತಾಡಿ ಕುದುರಿಸಲು ನನಗೆ ಬರುತ್ತದೆ' ಅನ್ನುವ ನಂಬಿಕೆ ಇದ್ದವರಿಗೆ ಆತಂಕದಿಂದ ಆದ ನಷ್ಟ ಕಡಿಮೆ.

ಆ ನಂಬಿಕೆ ಬರುವುದು ಹೇಗೆ? 'ಧೈರ್ಯವಾಗಿರು' ಅಂತ ಯಾರೋ ಹೇಳಿದರೆ ಬರುವುದಿಲ್ಲ. ಒಂದೂ ತಪ್ಪಿಲ್ಲದೆ ಮಾತಾಡಲು ಕಲಿತ ಮೇಲೆ ಬರುತ್ತದೆ ಅಂತ ಕಾಯುವುದೂ ವ್ಯರ್ಥ, ಹಾಗೆ ಮಾತಾಡುವವರು ಯಾರೂ ಇಲ್ಲ. ತಪ್ಪಾದರೆ ಅಲ್ಲೇ ತಿದ್ದಿಕೊಳ್ಳಬಲ್ಲೆ ಅನ್ನುವುದು ಗಟ್ಟಿಯಾದಾಗ ಅದು ಬರುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಆ ಕಡೆಗೇ.

ಮೊದಲು, ಯಾವ ತಪ್ಪಿಗೆ ಹೆದರಬೇಕು ಅಂತ ಬೇರ್ಪಡಿಸಿ

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಅನ್ನುವ ಗಾದೆ ಕೇಳುತ್ತಲೇ ಬೆಳೆದವರು ನಾವು. ಮನಸ್ಸು ನೋಯಿಸುವ ಮಾತಿಗೆ ಈ ಗಾದೆ ಪೂರ್ತಿ ನಿಜ. ಆದರೆ ವ್ಯವಹಾರದಲ್ಲಿ ಬಾಯಿಂದ ಬಂದ ಪ್ರತಿ ಅಂಕಿ, ಪ್ರತಿ ಪ್ರಶ್ನೆ, ಪ್ರತಿ ತಡವರಿಕೆಯೂ ಒಡೆದ ಮುತ್ತು ಅಂತ ನಂಬಿಬಿಟ್ಟರೆ ಬಾಯಿ ತೆರೆಯುವುದೇ ಕಷ್ಟ.

ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ನಿಮಗೆ ಏನೇನು ತಪ್ಪಾದೀತು ಅನ್ನಿಸುತ್ತದೋ ಎಲ್ಲವನ್ನೂ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ಇದನ್ನು ಆಮೇಲೆ ತಿದ್ದಬಹುದಾ, ಇಲ್ವಾ?

ತಿದ್ದಲಾಗದ ಕಡೆ ಬೀಳುವ ತಪ್ಪುಗಳು ಬಹಳ ಕಡಿಮೆ. ಸುಳ್ಳು ಹೇಳುವುದು. ಎದುರಿನವರನ್ನು ಹೀನಾಯವಾಗಿ ಮಾತಾಡುವುದು. ಓದದೆ ಸಹಿ ಹಾಕುವುದು. ನಮಗೆ ಅಧಿಕಾರವೇ ಇಲ್ಲದ ವಿಷಯಕ್ಕೆ ಇನ್ನೊಬ್ಬರ ಪರವಾಗಿ ಮಾತು ಕೊಡುವುದು. ಇವುಗಳಿಗೆ ಹೆದರಬೇಕು, ಆ ಹೆದರಿಕೆ ಒಳ್ಳೆಯದು. ಆದರೆ ಗಮನಿಸಿ, ಈ ನಾಲ್ಕೂ ನಮ್ಮ ಹಿಡಿತದಲ್ಲೇ ಇವೆ. ಇವನ್ನು ತಪ್ಪಿಸಲು ಮಾತಿನ ಚಾತುರ್ಯ ಬೇಕಿಲ್ಲ.

ಇನ್ನೊಂದು ಕಡೆ ಉದ್ದದ ಪಟ್ಟಿ ಇರುತ್ತದೆ. ಕಡಿಮೆ ಅಂಕಿ ಹೇಳಿದೆ, ಒಂದು ವಿಷಯ ಕೇಳಲು ಮರೆತೆ, ಲೆಕ್ಕ ತಪ್ಪಾಯಿತು, ಧ್ವನಿ ನಡುಗಿತು, ಗೊತ್ತಿಲ್ಲದ ಪ್ರಶ್ನೆಗೆ ತಬ್ಬಿಬ್ಬಾದೆ. ಇವೆಲ್ಲ ತಿದ್ದಬಹುದಾದ ತಪ್ಪುಗಳು. ನಮ್ಮ ನಿದ್ದೆ ಕೆಡಿಸುವುದು ಮಾತ್ರ ಸಾಮಾನ್ಯವಾಗಿ ಇವೇ.

ಕೂರುವ ಮೊದಲು ಮೂರು ಸಾಲು ಬರೆದಿಟ್ಟುಕೊಳ್ಳಿ

ಮೊದಲ ಸಾಲು: ಈ ಮಾತುಕತೆ ಮುರಿದುಬಿದ್ದರೆ ನಾನು ಏನು ಮಾಡುತ್ತೇನೆ? ಈಗಿನ ಕೆಲಸದಲ್ಲೇ ಮುಂದುವರಿಯುತ್ತೇನಾ, ಬೇರೆ ಮನೆ ನೋಡುತ್ತೇನಾ, ಬೇರೆ ಗಿರಾಕಿ ಹುಡುಕುತ್ತೇನಾ? ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಈ ಪರ್ಯಾಯ ದಾರಿಗೆ 'ಬ್ಯಾಟ್ನಾ' ಅಂತ ಹೆಸರಿಟ್ಟರು. ಈಗ ಮಾತುಕತೆ ಕಲಿಸುವ ತರಗತಿಗಳಲ್ಲಿ ಇದು ಮುಖ್ಯ ಪಾಠಗಳಲ್ಲಿ ಒಂದು. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಉತ್ತರ ಮಾತ್ರ ಹಾಳೆಯ ಮೇಲಿರಲಿ.

ಎರಡನೇ ಸಾಲು: ಇದಕ್ಕಿಂತ ಕೆಳಗೆ ನಾನು ಒಪ್ಪುವುದಿಲ್ಲ ಅನ್ನುವ ಗಡಿ. ಇದನ್ನು ಮೊದಲ ಸಾಲು ನೋಡಿಯೇ ಬರೆಯಬೇಕು. ಕೈಯಲ್ಲಿರುವ ಪರ್ಯಾಯಕ್ಕಿಂತ ಕೆಟ್ಟದ್ದಕ್ಕೆ ಒಪ್ಪಿಕೊಳ್ಳುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಮೂರನೇ ಸಾಲು: ಎಲ್ಲ ಚೆನ್ನಾಗಿ ಕುದುರಿದರೆ ಎಷ್ಟು ಸಿಗಬಹುದು ಅನ್ನುವ ಗುರಿ.

ಗಡಿ ಬರೆದಿಟ್ಟವರಿಗೆ ದೊಡ್ಡ ತಪ್ಪು ಮಾಡುವುದು ಬಹಳ ಕಷ್ಟ. ಗಡಿ ಮತ್ತು ಗುರಿಯ ನಡುವೆ ಎಲ್ಲಿ ಮುಗಿದರೂ ಬಂದದ್ದು ಲಾಭವೇ. ಇನ್ನೂ ಸ್ವಲ್ಪ ಸಿಗಬಹುದಿತ್ತೇನೋ ಅನ್ನುವ ಕೊರಗು ಉಳಿಯಬಹುದು, ಕೈ ಸುಟ್ಟುಕೊಳ್ಳುವುದಿಲ್ಲ.

ತಿದ್ದುವ ಮಾತುಗಳನ್ನು ಬಾಯಿಪಾಠ ಮಾಡಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ್ದು ಈ ಹೆಜ್ಜೆಗೆ. ಸಾಮಾನ್ಯವಾಗಿ ನಾವು 'ಏನು ಹೇಳಬೇಕು' ಅಂತ ಮಾತ್ರ ತಯಾರಾಗುತ್ತೇವೆ. ಹೇಳಿದ್ದು ತಪ್ಪಾದರೆ ಮುಂದಿನ ಮಾತು ಏನು ಅಂತ ಯೋಚಿಸಿರುವುದೇ ಇಲ್ಲ. ಭಯ ಬಂದು ಕೂರುವುದು ಆ ಖಾಲಿ ಜಾಗದಲ್ಲೇ.

ಲೆಕ್ಕ ತಪ್ಪಿದಾಗ: "ಒಂದು ನಿಮಿಷ, ನಾನು ಈಗ ಹೇಳಿದ ಲೆಕ್ಕ ಸರಿಯಿಲ್ಲ. ತಿದ್ದಿ ಹೇಳ್ತೀನಿ."

ಗೊತ್ತಿಲ್ಲದ್ದನ್ನು ಕೇಳಿದಾಗ: "ಇದು ನನಗೆ ಖಚಿತವಾಗಿ ಗೊತ್ತಿಲ್ಲ. ವಿಚಾರಿಸಿ ನಾಳೆ ತಿಳಿಸ್ತೀನಿ."

ಆತುರದಲ್ಲಿ ಹೂಂ ಅನ್ನುವ ಹಾಗೆ ಆದಾಗ: "ಕೇಳೋಕೆ ಚೆನ್ನಾಗಿದೆ. ಆದರೆ ಈಗಲೇ ಒಪ್ಪಿಕೊಳ್ಳಲ್ಲ, ಒಂದು ದಿನ ಯೋಚನೆ ಮಾಡಿ ಹೇಳ್ತೀನಿ."

ಮಾತು ಬಿರುಸಾದಾಗ: "ನಾನು ಸ್ವಲ್ಪ ಜೋರಾಗಿ ಹೇಳಿದೆ, ಬೇಜಾರು ಮಾಡ್ಕೋಬೇಡಿ. ವಿಷಯಕ್ಕೆ ಬರೋಣ."

ಕೇಳಲು ಮರೆತದ್ದು ನೆನಪಾದಾಗ: "ಮುಗಿಸೋ ಮೊದಲು ಒಂದು ವಿಷಯ. ರಜೆ ಬಗ್ಗೆ ನಾವು ಮಾತಾಡಲೇ ಇಲ್ಲ."

ಒಪ್ಪಿ ಬಂದ ಮೇಲೆ ತಪ್ಪು ಗೊತ್ತಾದಾಗ: "ನಿನ್ನೆ ಒಪ್ಪಿದ್ದೆ ನಿಜ. ಕೂತು ಲೆಕ್ಕ ಹಾಕಿದಾಗ ಈ ಒಂದು ಭಾಗ ನನ್ನಿಂದ ಆಗಲ್ಲ ಅಂತ ಗೊತ್ತಾಯ್ತು. ಅದೊಂದನ್ನು ಮತ್ತೆ ಮಾತಾಡೋಣವಾ?"

ಕೊನೆಯದರ ಬಗ್ಗೆ ಒಂದು ಎಚ್ಚರಿಕೆ. ಬಾಯಿಮಾತಿನ ಒಪ್ಪಿಗೆಗೂ ತೂಕ ಇದೆ, ಎಷ್ಟೋ ಕಡೆ ಕಾನೂನೂ ಅದನ್ನು ಒಪ್ಪಂದ ಅಂತಲೇ ನೋಡುತ್ತದೆ. ಹಾಗಾಗಿ ಇದು ನಿಜವಾದ ತಪ್ಪಿಗೆ ಮಾತ್ರ. ಮೊದಲು ಒಪ್ಪಿ, ಆಮೇಲೆ ಬೇಕಂತಲೇ ಒಂದೊಂದಾಗಿ ಬದಲಿಸುತ್ತಾ ಹೋದರೆ ನಿಮ್ಮ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ.

ತಿದ್ದುವ ಮಾತನ್ನು ತಪ್ಪು ಗೊತ್ತಾದ ಕೂಡಲೇ ಹೇಳಬೇಕು. ತಡವಾದಷ್ಟೂ ಎದುರಿನವರು ನಿಮ್ಮ ಹಳೆಯ ಮಾತಿನ ಮೇಲೆ ತಮ್ಮ ಯೋಜನೆ ಕಟ್ಟಿಕೊಂಡಿರುತ್ತಾರೆ. ಒಂದೇ ಸಲ ಹೇಳಿದರೆ ಸಾಕು, ಕಾರಣವನ್ನೂ ಒಂದೇ ಸಾಲಿನಲ್ಲಿ ಹೇಳಿ. ಐದು ಸಲ ಕ್ಷಮಿಸಿ ಕ್ಷಮಿಸಿ ಅಂದರೆ ಚಿಕ್ಕ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ಅವರು ನಮ್ಮನ್ನು ಎಷ್ಟು ಗಮನಿಸುತ್ತಿರುತ್ತಾರೆ ಅನ್ನುವುದನ್ನೂ ನಾವು ಜಾಸ್ತಿ ಅಂದಾಜು ಮಾಡುತ್ತೇವೆ. ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಹಳ ಹೆಸರಾಗಿದೆ. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರದ ಟೀ-ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗುರುತಿಸಿರುತ್ತಾರೆ ಅಂತ ಟೀ-ಶರ್ಟ್ ಹಾಕಿದವರು ಅಂದುಕೊಂಡರು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ ಮಾತ್ರ. ಇದೇ ತಂಡ 1998ರಲ್ಲಿ ಇನ್ನೊಂದನ್ನೂ ತೋರಿಸಿತ್ತು: ನಮ್ಮ ಮನಸ್ಸಿನೊಳಗೆ ನಡೆಯುವುದು ಹೊರಗಿನವರಿಗೆ ನಾವು ಅಂದುಕೊಂಡಷ್ಟು ಕಾಣುವುದಿಲ್ಲ. ನಿಮಗೆ ಗುಡುಗಿನಂತೆ ಕೇಳುವ ಎದೆಬಡಿತ ಅವರಿಗೆ ಕೇಳಿಸುವುದೇ ಇಲ್ಲ. ಅವರಿಗೂ ಅವರದೇ ಚಿಂತೆ ಇರುತ್ತದೆ, ತಾವು ಏನು ತಪ್ಪು ಆಡಿಬಿಟ್ಟೇವೋ ಅಂತ.

ಮೊದಲ ಅಂಕಿಯ ಭಯ

ಯಾರು ಮೊದಲು ಅಂಕಿ ಹೇಳಬೇಕು? ಹೆಚ್ಚಿನವರು ಒದ್ದಾಡುವುದು ಇಲ್ಲೇ. ಅದಕ್ಕೆ ಕಾರಣವೂ ಇದೆ, ಮೊದಲ ಅಂಕಿಗೆ ಎಳೆಯುವ ಶಕ್ತಿ ಇದೆ. ಏಮಸ್ ಟ್ವರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಬರೆದ ಪ್ರಯೋಗದಲ್ಲಿ ಒಂದು ಚಕ್ರ ತಿರುಗಿಸುತ್ತಿದ್ದರು. ಅದು 10ಕ್ಕೆ ಅಥವಾ 65ಕ್ಕೆ ಮಾತ್ರ ನಿಲ್ಲುವ ಹಾಗೆ ಮಾಡಿಟ್ಟಿದ್ದರು. ಆಮೇಲೆ ಒಂದು ಪ್ರಶ್ನೆ: ವಿಶ್ವಸಂಸ್ಥೆಯ ದೇಶಗಳಲ್ಲಿ ಶೇಕಡ ಎಷ್ಟು ಆಫ್ರಿಕಾದವು? 10 ನೋಡಿದವರ ಅಂದಾಜಿನ ನಡು ಅಂಕಿ 25. 65 ನೋಡಿದವರದು 45. ಚಕ್ರಕ್ಕೂ ಪ್ರಶ್ನೆಗೂ ಏನೇನೂ ಸಂಬಂಧ ಇರಲಿಲ್ಲ. ಆದರೂ ಮನಸ್ಸು ಮೊದಲು ಕಂಡ ಅಂಕಿಯ ಕಡೆಗೇ ಜಾರಿತು.

ಇದರಿಂದ ನಾವು ಮಾಡಬೇಕಾದ್ದು ಇಷ್ಟು. ಆ ಕೆಲಸಕ್ಕೆ ಅಥವಾ ವಸ್ತುವಿಗೆ ಹೊರಗೆ ಎಷ್ಟು ನಡೆಯುತ್ತದೆ ಅಂತ ವಿಚಾರಿಸಿ ತಿಳಿದಿದ್ದರೆ, ಮೊದಲು ನೀವೇ ಹೇಳಿ. ಏನೂ ಗೊತ್ತಿಲ್ಲದಿದ್ದರೆ "ನೀವು ಎಷ್ಟು ಅಂದುಕೊಂಡಿದ್ದೀರಿ?" ಅಂತ ಕೇಳಿ. ಅವರು ಎಲ್ಲೋ ಇರುವ ಅಂಕಿ ಹೇಳಿದರೆ ಅದರ ಸುತ್ತ ಚೌಕಾಸಿಗೆ ಇಳಿಯಬೇಡಿ. "ನಮ್ಮಿಬ್ಬರ ಲೆಕ್ಕಕ್ಕೂ ಬಹಳ ದೂರ ಇದೆ. ನಾನು ಹೇಗೆ ಲೆಕ್ಕ ಹಾಕಿದೆ ಅಂತ ಹೇಳ್ತೀನಿ" ಅಂದು, ನಿಮ್ಮ ಹಾಳೆಯ ಗುರಿಯಿಂದ ಶುರುಮಾಡಿ.

ಜಾಸ್ತಿ ಕೇಳಿಬಿಟ್ಟೆ ಅನ್ನಿಸಿದರೆ? ಅದನ್ನೂ ಇಳಿಸಬಹುದು. ಆದರೆ ಅವರ ಮುಖ ಸ್ವಲ್ಪ ಸಣ್ಣದಾಯಿತು ಅಂತ ತಕ್ಷಣ ಅರ್ಧಕ್ಕೆ ಇಳಿಯಬಾರದು. ಹಾಗೆ ಮಾಡಿದರೆ ಮೊದಲ ಅಂಕಿಗೆ ಬುಡವೇ ಇರಲಿಲ್ಲ ಅಂತ ನೀವೇ ಒಪ್ಪಿಕೊಂಡ ಹಾಗೆ. ಇಳಿಯುವುದಾದರೆ ಬದಲಿಗೆ ಏನಾದರೂ ಕೇಳಿ: "ಅವಧಿ ಇನ್ನೂ ಆರು ತಿಂಗಳು ಜಾಸ್ತಿ ಆಗೋದಾದರೆ ನಾನು ಇಷ್ಟಕ್ಕೆ ಬರಬಹುದು."

ಇನ್ನೊಂದು ಮಾತು, ಬಹಳ ಜನ ಇದನ್ನು ಯೋಚಿಸಿರುವುದಿಲ್ಲ. ಆಡಂ ಗಲಿನ್‌ಸ್ಕಿ ಮತ್ತು ಜೊತೆಗಾರರು 2002ರಲ್ಲಿ ಕಂಡುಕೊಂಡ ಪ್ರಕಾರ, ಮೊದಲ ಬೇಡಿಕೆಯೇ ತಕ್ಷಣ ಒಪ್ಪಿಗೆ ಆದವರಿಗೆ ತೃಪ್ತಿ ಕಡಿಮೆ. 'ಛೆ, ಇನ್ನೂ ಕೇಳಬಹುದಿತ್ತು' ಅನ್ನಿಸುತ್ತದೆ. ಎದುರಿನವರಿಗೂ ಹಾಗೇ ಅಲ್ವಾ? ನೀವು ಸ್ವಲ್ಪ ಎಳೆದಾಡಿ ಒಪ್ಪಿದರೆ ತಾವು ಮಾಡಿದ ವ್ಯವಹಾರ ಸರಿಯಾಗಿದೆ ಅನ್ನುವ ಸಮಾಧಾನ ಅವರಿಗೂ ಸಿಗುತ್ತದೆ. ನೀವು ಕೇಳುವುದರಿಂದ ಅವರಿಗೆ ತೊಂದರೆ ಆಗುತ್ತದೆ ಅನ್ನುವ ಸಂಕೋಚ ಇದ್ದರೆ, ಇದನ್ನು ನೆನಪಿಟ್ಟುಕೊಳ್ಳಿ.

ಉತ್ತರ ಕೊಡುವ ಮೊದಲು ಬರೆದುಕೊಳ್ಳಿ

ಹೆದರಿದಾಗ ಮೌನ ಸಹಿಸಲು ಆಗುವುದಿಲ್ಲ. ಏನಾದರೂ ಹೇಳಿ ಅದನ್ನು ತುಂಬಿಬಿಡೋಣ ಅನ್ನಿಸುತ್ತದೆ. ಹಾಗೆ ತುಂಬುವಾಗಲೇ ಬಿಟ್ಟುಕೊಡಬಾರದ್ದನ್ನು ಬಿಟ್ಟುಕೊಡುತ್ತೇವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾರೆಡ್ ಕರ್ಹಾನ್ ಮತ್ತು ತಂಡ ಕನಿಷ್ಠ 3 ಸೆಕೆಂಡಿನ ಮೌನಗಳನ್ನೇ ಹಿಡಿದು ಅಧ್ಯಯನ ಮಾಡಿತು. ಅಂಥ ಮೌನದ ನಂತರ ಜನ ಹೆಚ್ಚು ವಿವೇಚನೆಯಿಂದ ಯೋಚಿಸಿ, ಇಬ್ಬರಿಗೂ ಲಾಭ ಇರುವ ದಾರಿ ಕಂಡುಕೊಂಡರು.

ಸುಮ್ಮನೆ ಕೂರಲು ಮುಜುಗರ ಆದರೆ ಕೈಯಲ್ಲಿ ಪೆನ್ನು ಇರಲಿ. ಅವರು ಹೇಳಿದ್ದನ್ನು ನಿಧಾನವಾಗಿ ಬರೆದುಕೊಳ್ಳಿ. ಬರೆದದ್ದನ್ನು ಓದಿ ಹೇಳಿ: "ನೀವು ಹೇಳಿದ್ದು ಇದೇ ಅಲ್ವಾ?" ಅಷ್ಟರಲ್ಲಿ ನಿಮಗೆ ಯೋಚಿಸಲು ಬೇಕಾದ ಸಮಯ ಸಿಕ್ಕಿರುತ್ತದೆ. ತಪ್ಪಾಗಿ ಕೇಳಿಸಿಕೊಂಡಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಫೋನಿನಲ್ಲಿ ಮಾತಾಡುವಾಗ ಇದು ಇನ್ನೂ ಸುಲಭ.

ನಿಮ್ಮ ಬೇಡಿಕೆಯನ್ನು ಕರಡು ಅಂತ ಇಡಿ

ಬೇಗ ಎದ್ದು ಬರುವ ಅಭ್ಯಾಸಕ್ಕೆ ನನಗೆ ತುಂಬಾ ಇಷ್ಟವಾದ ಮದ್ದು ಇದು. 1978ರ ಸೆಪ್ಟೆಂಬರ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಮೆನಾಖಿಮ್ ಬೆಗಿನ್ ಶಾಂತಿ ಮಾತುಕತೆಗೆ ಅಂತ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಇದ್ದರು. ನಡುವೆ ಇದ್ದವರು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್. ಒಂದು ಹಂತದಲ್ಲಿ ಸಾದಾತ್ ಗಂಟುಮೂಟೆ ಕಟ್ಟಿ ಹೊರಡಲು ತಯಾರಾಗಿದ್ದರು, ಕಾರ್ಟರ್ ಹೋಗಿ ತಡೆದರು. ಅಮೆರಿಕದ ತಂಡ ಒಂದು ಕರಡು ಬರೆಯುವುದು, ಇಬ್ಬರಿಗೂ ತೋರಿಸುವುದು, ಎಲ್ಲಿ ಸರಿಯಿಲ್ಲ ಅಂತ ಕೇಳುವುದು, ಮತ್ತೆ ಬರೆಯುವುದು. ಹೀಗೆ ಸುಮಾರು 23 ಕರಡುಗಳಾದವು. ಕೊನೆಗೆ ಒಪ್ಪಂದದ ಚೌಕಟ್ಟಿಗೆ ಸಹಿ ಬಿತ್ತು. ಮರುವರ್ಷ, 1979ರ ಮಾರ್ಚ್ 26ರಂದು, ಎರಡು ದೇಶಗಳ ನಡುವೆ ಶಾಂತಿ ಒಪ್ಪಂದವಾಯಿತು.

ಕೊನೆಯದನ್ನು ಬಿಟ್ಟು ಉಳಿದ ಪ್ರತಿ ಕರಡಿನಲ್ಲೂ ಏನೋ ಒಂದು ತಪ್ಪಿತ್ತು. ಆ ತಪ್ಪನ್ನು ಹುಡುಕಿ ತೋರಿಸುವುದೇ ಅವರೆಲ್ಲ ಅಲ್ಲಿ ಮಾಡಿದ ಕೆಲಸ. ನಮ್ಮ ಚಿಕ್ಕ ಮಾತುಕತೆಗೂ ಇದು ಹೊಂದುತ್ತದೆ. "ಇದು ನನ್ನ ಮೊದಲ ಯೋಚನೆ. ಇದರಲ್ಲಿ ನಿಮಗೆ ಏನು ಸರಿಹೋಗಲ್ಲ ಹೇಳಿ" ಅನ್ನಿ. ಈಗ ಅವರು "ಇದು ಆಗಲ್ಲ" ಅಂದರೆ ಅದು ನೀವೇ ಕೇಳಿ ಪಡೆದ ಮಾಹಿತಿ. ಎದ್ದು ಬರುವ ಅಗತ್ಯ ಬೀಳುವುದಿಲ್ಲ. "ಯಾವುದು ಆಗಲ್ಲ? ಹಣವಾ, ಸಮಯವಾ?" ಅಂತ ಮುಂದಿನ ಪ್ರಶ್ನೆ ಕೇಳಿದರಾಯಿತು.

ಭಯಕ್ಕೆ ಕಾರಣ ಇರುವ ಕಡೆ

ಎಲ್ಲ ಭಯವೂ ನಮ್ಮ ಕಲ್ಪನೆ ಅಂತ ಹೇಳಲು ನಾನು ತಯಾರಿಲ್ಲ. ಹ್ಯಾನಾ ರೈಲಿ ಬೋಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲಾಯ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಸ್ತಿ ಸಂಬಳ ಕೇಳಿದ ಹೆಂಗಸರ ಬಗ್ಗೆ, ಹಾಗೇ ಕೇಳಿದ ಗಂಡಸರಿಗಿಂತ, ಜನ ಹೆಚ್ಚು ಕಟುವಾದ ಅಭಿಪ್ರಾಯ ಇಟ್ಟುಕೊಂಡರು. ಕೇಳಿದರೆ ಕೆಟ್ಟವಳಾಗುತ್ತೇನೆ ಅಂತ ಹಿಂಜರಿಯುವ ಹೆಣ್ಣುಮಗಳ ಅನುಭವ ಸುಳ್ಳಲ್ಲ. ತಪ್ಪು ಇರುವುದು ಹಾಗೆ ನೋಡುವವರಲ್ಲಿ. ಅದು ಬದಲಾಗುವ ತನಕ ಕೇಳದೆ ಇರಬೇಕು ಅಂತಲೂ ಇಲ್ಲ. ಬೇಡಿಕೆಯನ್ನು ಮಾಡಿದ ಕೆಲಸಕ್ಕೆ, ತಂಡಕ್ಕೆ ಆಗುವ ಅನುಕೂಲಕ್ಕೆ ಜೋಡಿಸಿ ಹೇಳಿ: "ಈ ವರ್ಷ ನಾನು ಈ ಮೂರು ಜವಾಬ್ದಾರಿ ಜಾಸ್ತಿ ತೆಗೆದುಕೊಂಡೆ. ಇದೇ ಕೆಲಸ ಮುಂದುವರಿಸಬೇಕಾದರೆ ಸಂಬಳವೂ ಅದಕ್ಕೆ ತಕ್ಕ ಹಾಗೆ ಇರಬೇಕು." ಹೊರಗೆ ಈ ಕೆಲಸಕ್ಕೆ ಎಷ್ಟು ಕೊಡುತ್ತಾರೆ ಅನ್ನುವ ಮಾಹಿತಿಯೂ ಕೈಯಲ್ಲಿರಲಿ.

ಎದುರಿನವರ ಕೈಯಲ್ಲಿ ನಿಮ್ಮ ಕೆಲಸ ಅಥವಾ ಮನೆ ಇದ್ದಾಗಲೂ ಹೀಗೇ. ಆಗ ಒಬ್ಬರೇ ಹೋಗಲೇಬೇಕು ಅಂತಿಲ್ಲ. ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು, ಇಲ್ಲವೇ ಬರಹದಲ್ಲಿ ಕೇಳಬಹುದು.

ಬೇಕಂತಲೇ ತಪ್ಪು ಮಾಡಿ ಅಭ್ಯಾಸ ಮಾಡಿ

ಸ್ನೇಹಿತರೊಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಅವರು ಗಟ್ಟಿ ಪಟ್ಟು ಹಿಡಿಯಲಿ. ನೀವು ಬೇಕಂತಲೇ ತಪ್ಪು ಮಾಡಿ. ಕಡಿಮೆ ಅಂಕಿ ಹೇಳಿ, ಮುಖ್ಯವಾದ ವಿಷಯ ಬಿಟ್ಟುಬಿಡಿ. ಆಮೇಲೆ ಮೇಲೆ ಬರೆದ ಮಾತುಗಳಿಂದ ಅದನ್ನು ತಿದ್ದಿ. ಹತ್ತು ನಿಮಿಷ ಸಾಕು. ಚೆನ್ನಾಗಿ ಮಾತಾಡುವ ಅಭ್ಯಾಸಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ಅಭಿಪ್ರಾಯ. ನಿಜವಾದ ದಿನ ಕೆಡುವುದೂ ಹೀಗೇ, ಆಗ ಬಾಯಿಗೆ ಬರಬೇಕಾದ್ದೂ ಇದೇ ಮಾತು.

ಆ ದಿನ ಒಳಗೆ ಹೋಗುವ ಮೊದಲು ಎದೆ ಹೊಡೆದುಕೊಂಡರೆ 'ಸಮಾಧಾನ, ಸಮಾಧಾನ' ಅಂತ ಒತ್ತಾಯ ಮಾಡಬೇಡಿ. ಮೊದಲು ಹೇಳಿದ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 'ನಾನು ಶಾಂತವಾಗಿದ್ದೇನೆ' ಅಂದುಕೊಂಡವರಿಗಿಂತ 'ನಾನು ಹುರುಪಿನಲ್ಲಿದ್ದೇನೆ' ಅಂದುಕೊಂಡವರು ಭಾಷಣ, ಲೆಕ್ಕದಂಥ ಕೆಲಸಗಳನ್ನು ಚೆನ್ನಾಗಿ ಮಾಡಿದರು. ಹುರುಪಿಗೂ ಹೆದರಿಕೆಗೂ ಎದೆ ಬಡಿಯುವುದು ಒಂದೇ ಥರ. ನೀವು ಅದಕ್ಕೆ ಯಾವ ಹೆಸರು ಕೊಡುತ್ತೀರಿ ಅನ್ನುವುದರ ಮೇಲೆ ಮುಂದಿನ ಹೆಜ್ಜೆ ನಿಂತಿದೆ.

ಸಹಿಯ ಹತ್ತಿರ ನಿಧಾನಿಸಿ

ಇಲ್ಲಿಯ ತನಕ ಭಯ ಬಿಡಿ ಅಂದೆ. ಇಲ್ಲಿ ಮಾತ್ರ ಸ್ವಲ್ಪ ಇಟ್ಟುಕೊಳ್ಳಿ. ಮಾತು ಮುಗಿದ ದಿನವೇ ಒಪ್ಪಿದ್ದನ್ನೆಲ್ಲ ಬರೆದು ಅವರಿಗೆ ಮೆಸೇಜ್ ಅಥವಾ ಇಮೇಲ್ ಕಳಿಸಿ: "ಇವತ್ತು ನಾವು ಒಪ್ಪಿದ್ದು ಇಷ್ಟು. ಏನಾದರೂ ತಪ್ಪಿದ್ದರೆ ತಿಳಿಸಿ." ಪತ್ರ ಕೈಗೆ ಬಂದಾಗ ಪೂರ್ತಿ ಓದಿ. ಅರ್ಥವಾಗದ ಸಾಲಿಗೆ ಗೆರೆ ಹಾಕಿ, ಅರ್ಥ ಕೇಳಿ. "ಎಲ್ಲರೂ ಇದಕ್ಕೇ ಸಹಿ ಹಾಕ್ತಾರೆ, ಬೇಗ ಹಾಕಿ" ಅಂದರೆ "ಮನೆಗೆ ತಗೊಂಡು ಹೋಗಿ ಓದಿ ತರ್ತೀನಿ" ಅನ್ನಿ. ದೊಡ್ಡ ಮೊತ್ತವಾದರೆ ವಕೀಲರಿಗೆ ತೋರಿಸಿ.

ಸಾಧ್ಯವಾದ ಕಡೆಯೆಲ್ಲ ಒಂದು ಸಾಲು ಸೇರಿಸಲು ಕೇಳಿ: ಇಷ್ಟು ತಿಂಗಳ ನಂತರ ಇಬ್ಬರೂ ಮತ್ತೆ ಕೂತು ಈ ಷರತ್ತುಗಳನ್ನು ನೋಡುತ್ತೇವೆ ಅಂತ. ಇವತ್ತು ನೀವು ಗಮನಿಸದೆ ಬಿಟ್ಟದ್ದನ್ನು ತಿದ್ದಲು ಇದು ಬಾಗಿಲು ತೆರೆದಿಡುತ್ತದೆ. ಎದುರಿನವರಿಗೂ ಅದೇ ಅನುಕೂಲ ಇರುವುದರಿಂದ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಒಪ್ಪಿದರೆ ಆ ದಿನಾಂಕವನ್ನು ಫೋನಿನ ಕ್ಯಾಲೆಂಡರಿಗೆ ಹಾಕಿ. ಅದಕ್ಕೆ ಎರಡು ವಾರ ಮೊದಲು ಇನ್ನೊಂದು ನೆನಪೋಲೆ ಇಟ್ಟುಕೊಳ್ಳಿ, ಮೂರು ಸಾಲಿನ ಹಾಳೆಯನ್ನು ಮತ್ತೆ ಬರೆಯಲು.